ಏಳನೇ ನಂಬರಿನ ಮನೆ

ಅಣ್ಣಾ, ಏಳನೇ ನಂಬರಿನ ಮನೆ ಯಾರದೆಂದು ಬಾಯಿಬಿಟ್ಟವಳು ನಾನು. ನಿನ್ನ ಬರಹವಲ್ಲ — ನಾನು.

ಇಸವಿ ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ ಇರಬೇಕು. ನೀನಾಗ ಕಾಲೇಜಿನಲ್ಲಿ ಸಂವಹನ ಪಾಠ ಹೇಳುತ್ತಿದ್ದೆ. ಕೂಲಿಯವರ ಮನೆಗೆ ಸುದ್ದಿ ಹೇಗೆ ತಲುಪುತ್ತದೆ ಎಂಬ ಸಂಶೋಧನೆಗೆ ನಮ್ಮ ಚಾಮರಾಜಪೇಟೆಯ ಗಲ್ಲಿಯಲ್ಲೇ ಮನೆ ಮನೆ ತಿರುಗಿದೆ. ಹೆಂಗಸರು ಸಂಕೋಚವಿಲ್ಲದೆ ಮಾತಾಡಲೆಂದು ನನ್ನನ್ನೂ ಕರೆದೊಯ್ದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಅದೆಂಥ ಹೆಮ್ಮೆ! ಟಿಪ್ಪಣಿ ಪುಸ್ತಕದಲ್ಲಿ ನೀನು ಹೆಸರು ಬರೆಯುತ್ತಿರಲಿಲ್ಲ, ಮನೆಗೊಂದರಂತೆ ನೀನೇ ಕೊಟ್ಟ ನಂಬರು ಮಾತ್ರ. "ಹೆಸ್ರು ನಿನ್ ತಲೇಲಿರ್ಲಿ ಕಣೇ. ಕಾಗದ ಯಾರ ಕೈಗಾದ್ರೂ ಸಿಗುತ್ತೆ, ನಿನ್ ತಲೆ ಸಿಗಲ್ಲ," ಎಂದು ನಕ್ಕಿದ್ದೆ.

ಏಳನೇ ನಂಬರು ಲಕ್ಷ್ಮಮ್ಮ. ನಾನೂ ಅವಳೂ ಒಂದೇ ಕಾರ್ಖಾನೆಯಲ್ಲಿ ಅಕ್ಕಪಕ್ಕ ಕೂತು ಊದಿನಕಡ್ಡಿ ಹೊಸೆಯುತ್ತಿದ್ದೆವು. ಸರ್ಕಾರ ಕೂಲಿ ಹೆಚ್ಚಿಸಿದ ಸುದ್ದಿ ಬಂದ ದಿನ, ಕೆಲಸದವರಿಗೆ ಕೇಳಿಸದಿರಲೆಂದು ಮಾಲೀಕ ಕಾರ್ಖಾನೆಯ ರೇಡಿಯೋವನ್ನೇ ಎತ್ತಿಟ್ಟನೆಂದು ಅವಳು ನಿನಗೆ ಹೇಳಿದ್ದಳು. ಅದನ್ನು ನೀನು ಪತ್ರಿಕೆಗೆ ಬರೆದೆ — ‘ಏಳನೇ ನಂಬರಿನ ಮನೆಯಾಕೆ’ ಎಂದಷ್ಟೇ.

ನಾನು ನಿನ್ನ ಜೊತೆ ತಿರುಗಿದ್ದು ಗಲ್ಲಿಗೆಲ್ಲ ಗೊತ್ತಿತ್ತು. ಮಾಲೀಕ ಆ ಪತ್ರಿಕೆ ಹಿಡಿದು ನನ್ನನ್ನು ಒಳಕೋಣೆಗೆ ಕರೆದ. ಬಾಗಿಲು ಹಾಕಿದ.

"ನಿಮ್ಮಣ್ಣ ಮೇಷ್ಟ್ರು ಬಲೇ ಬುದ್ಧಿವಂತ್ರು. ಏಳನೇ ನಂಬರ್ ಯಾರಮ್ಮಾ?"

"ಗೊತ್ತಿಲ್ಲ ಸಾರ್."

"ಹಂಗಾದ್ರೆ ನೀನೇ ಅಂದ್ಕೋತೀನಿ."

ನನ್ನ ಕೆಲಸ ಹೋದರೆ — ನಿನ್ನ ಕೆಲಸಕ್ಕೂ ಕುತ್ತು ಬಂದರೆ — ಇಲ್ಲ, ಅದೆಲ್ಲ ಆಮೇಲೆ ಕಟ್ಟಿಕೊಂಡ ಮಾತು. ನನಗೆ ಹೆದರಿಕೆಯಾಯಿತು. ಹೆಸರು ಹೇಳಿದೆ.

ಮರುದಿನ ನನ್ನ ಪಕ್ಕದ ಜಾಗ ಖಾಲಿ. ಸುತ್ತಲಿನ ಯಾವ ಕಾರ್ಖಾನೆಯೂ ಅವಳನ್ನು ಸೇರಿಸಲಿಲ್ಲ. ಮಕ್ಕಳನ್ನು ಕಟ್ಟಿಕೊಂಡು ಗಲ್ಲಿ ಬಿಟ್ಟು ಹೋಗುವಾಗ ನನ್ನ ಕೈ ಹಿಡಿದುಕೊಂಡಳು: "ನಿಮ್ಮಣ್ಣಂಗೆ ಏನೂ ಅನ್ಬೇಡ ಕಣೇ. ಪಾಪ, ಗೊತ್ತಿಲ್ದೆ ಬರ್ದವ್ರೆ."

ನಾನು ಹೂಂ ಎಂದೆ.

ಪತ್ರಿಕೆಯಲ್ಲಿ ಬಂದ ರೇಡಿಯೋದ ವಿಷಯದಿಂದಲೇ ಅವಳು ಸಿಕ್ಕಿಬಿದ್ದಳೆಂದು ನೀನು ನಂಬಿದೆ. ಆ ಸಂಶೋಧನೆ ಪುಸ್ತಕವಾಗಲೇ ಇಲ್ಲ. ಬದಲಿಗೆ ಊದಿನಕಡ್ಡಿ ಹೊಸೆಯುವ ಹೆಂಗಸರ ಸಂಘ ಕಟ್ಟಿ ಮುಂದೆ ನಿಂತೆ. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ನಿನ್ನ ಮೊದಲ ಪಾಠವೇ ಅದಂತೆ — ‘ನಾನು ಬರೆದ ಒಂದು ಮಾತು ಒಬ್ಬಳ ಅನ್ನ ಕಿತ್ತುಕೊಂಡಿತು’ ಅಂತ. ಮೊನ್ನೆ ಸಂಘದ ಸಭೆಯಲ್ಲೂ ಅದನ್ನೇ ಹೇಳಿದೆ. ಎಲ್ಲರೂ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಮುಂದಿನ ಸಾಲಿನಲ್ಲಿದ್ದ ನಾನು ಹಿಂದಕ್ಕೆ ತಿರುಗಿ ಒಂದೊಂದೇ ಮುಖ ನೋಡಿದೆ — ಎಲ್ಲಿಗೋ ಹೋದ ಲಕ್ಷ್ಮಮ್ಮ ಇಲ್ಲೇ ಇದ್ದು, ನಿಜ ತಿಳಿದು, ಈಗ ಎದ್ದು ನಿಂತರೆ?

ಯಾರಾದರೂ ಬಾಗಿಲು ಹಾಕಿದರೆ ಈಗಲೂ ಎದ್ದು ಹೋಗಿ ತೆರೆದುಬಿಡುತ್ತೇನೆ. ಇದನ್ನು ಓದಿದ ಮೇಲೆ ನನ್ನನ್ನು ಹೇಗೆ ನೋಡುತ್ತೀಯೋ — ಅದಕ್ಕಿಂತ ದೊಡ್ಡ ಭಯ ನನಗಿಲ್ಲ. ಆದರೂ ಮುಂದಿನ ಸಲ ಆ ಪಾಠದಲ್ಲಿ ತಪ್ಪು ನಿನ್ನದೆನ್ನಬೇಡ. ನಂಬರೂ ಬೇಡ ಅಣ್ಣಾ. ಹೆಸರೇ ಹೇಳು — ನನ್ನ ತಂಗಿ, ಸರೋಜ ಅಂತ.