ಸಮುದ್ರದ ಕೆಸರಿಗೆ ಹತ್ತಿದ ಕುಂಕುಮ

೨೦೦೪ರ ದೀಪಾವಳಿಗೆ ಹನಗೋಡಿಗೆ ಬಂದಿದ್ದ ಪ್ರಮೀಳಾಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಕೈಯಲ್ಲಿ ಕಜ್ಜಾಯ ಹಿಡಿದು ಅಂಗಳಕ್ಕೂ ಹಿತ್ತಿಲಿಗೂ ಓಡಾಡುತ್ತಿದ್ದಳು. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಒಲೆಗೆ ಸೌದೆ ಹಾಕುತ್ತಿದ್ದ ಅಣ್ಣ ಧರ್ಮೇಂದ್ರ, ಇವಳ ಕಾಲಿಗೆ ಯಾರು ಚಕ್ರ ಕಟ್ಟಿದರೋ ಎಂದು ರೇಗಿಸಿದ. ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿರುವಾಗ ನಗು ಎಲ್ಲಿಂದ ಬರಬೇಕು?

ಬೆಳಿಗ್ಗೆಯವರೆಗೆ ಚೆನ್ನಾಗಿಯೇ ಇದ್ದಳು. ಅವ್ವ ಭಾಗ್ಯಮ್ಮನ ಹಣೆಯ ಹುಣ್ಣು ತೋರಿಸಲು ಹುಣಸೂರಿಗೆ ಹೋದದ್ದೇ ಗ್ರಹಚಾರವಾಯಿತು. ಸಂತೆಯ ಅಗ್ಗದ ಕುಂಕುಮಕ್ಕೆ ಬಣ್ಣ ಬರಲೆಂದು ಸೀಸದ ಪುಡಿ ಬೆರೆಸುತ್ತಾರೆ, ಅದು ಮೈಗೆ ವಿಷ, ಹಚ್ಚುವುದು ಬಿಡಿ ಎಂದರು ಡಾಕ್ಟರು. ಮುತ್ತೈದೆಗೆ ಕುಂಕುಮ ಬಿಡು ಅಂದರೆ ಬಿಡುತ್ತಾಳೆಯೇ? ಭಾಗ್ಯಮ್ಮ ಬಸ್ಸಿನುದ್ದಕ್ಕೂ ಡಾಕ್ಟರಿಗೆ ಮಂಗಳಾರತಿ ಎತ್ತಿಕೊಂಡೇ ಬಂದಳು. ಪ್ರಮೀಳಾಳ ಕಿವಿಯಲ್ಲಿ ಉಳಿದದ್ದು ಸೀಸ ಎಂಬ ಒಂದೇ ಪದ.

ಅವಳ ಕೆಲಸ ಅಂಥದ್ದು. ಕರಾವಳಿಯ ಒಂದು ಸಂಶೋಧನಾ ಕೇಂದ್ರಕ್ಕೆ, ಆಳ ಸಮುದ್ರದ ತಳಕ್ಕೆ ಕೊಳವೆ ಇಳಿಸಿ ತೆಗೆದ ಕೆಸರು ಬರುತ್ತದೆ. ಕೊಳವೆಯನ್ನು ಉದ್ದಕ್ಕೆ ಸೀಳಿ ಒಂದು ಅರ್ಧವನ್ನು ತಣ್ಣನೆಯ ಕೋಣೆಯಲ್ಲಿ ಎತ್ತಿಡುತ್ತಾರೆ. ಇನ್ನೊಂದರ ಮೈಯನ್ನು ಚಪ್ಪಟೆ ಚಾಕುವಿನಿಂದ ಹೆರೆದು ನುಣುಪು ಮಾಡಿ, ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ ಯಂತ್ರಕ್ಕೆ ಕೊಡುವುದು ಪ್ರಮೀಳಾಳ ಪಾಲಿನದು. ಯಂತ್ರ ತುದಿಯಿಂದ ತುದಿಗೆ ಎಕ್ಸ್-ರೇ ಹಾಯಿಸಿ, ಎಲ್ಲಿ ಕಬ್ಬಿಣ ಎಷ್ಟು, ಎಲ್ಲಿ ಕ್ಯಾಲ್ಸಿಯಂ ಎಷ್ಟು ಎಂದು ಗೆರೆ ಎಳೆದು ಹೇಳುತ್ತದೆ. ಸಾವಿರಾರು ವರ್ಷದ ಮಳೆಗಾಳಿಯ ಸಮಾಚಾರ ಆ ಗೆರೆಯಲ್ಲಿರುತ್ತದೆ.

ಆಯುಧ ಪೂಜೆಗೆ ಯಂತ್ರಕ್ಕೂ ಚಾಕುವಿಗೂ ಕುಂಕುಮ ಇಟ್ಟವಳು ಅವಳೇ. ಅವ್ವ ಕಟ್ಟಿಕೊಟ್ಟ ಇದೇ ಸಂತೆ ಕುಂಕುಮ. ಮಾರನೆಯ ದಿನ ಕೇಂದ್ರದ ವಿಜ್ಞಾನಿ ವೀರಭದ್ರಸ್ವಾಮಿ ಸರ್ ಅವಸರ ಮಾಡಿದರು. ಪೂಜೆ ಮಾಡಿದ ಚಾಕುವನ್ನು ತೊಳೆಯಲು ಮನಸ್ಸು ಬಾರದೆ, ಬಟ್ಟೆಯಲ್ಲಿ ಒರೆಸಿ ಹೆರೆದುಬಿಟ್ಟಳು. ಕೆಂಗಂದು ಕೆಸರಿನಲ್ಲಿ ಕುಂಕುಮದ ಚೂರು ಯಾರ ಕಣ್ಣಿಗೆ ಬೀಳಬೇಕು? ಒಂದು ಕಡೆ ಸೀಸದ ಗೆರೆ ತೆಂಗಿನಮರದ ಹಾಗೆ ಎದ್ದು ನಿಂತಿತು. ಸರ್ ಹಿರಿಹಿರಿ ಹಿಗ್ಗಿದರು. ಇದು ಯಾರೂ ಕಾಣದ ಸಂಗತಿ, ಬರೆದು ಕಳಿಸುತ್ತೇನೆ, ನಿನ್ನ ಕೆಲಸವನ್ನೂ ಕಾಯಂ ಮಾಡಿಸುತ್ತೇನೆ ಎಂದರು. ಆ ಬರಹ ಹೊರಡುವುದು ಈ ಸೋಮವಾರ.

ಬಾಯಿ ಬಿಟ್ಟರೆ ಕಾಯಂ ಕೆಲಸಕ್ಕೆ ಎಳ್ಳುನೀರು. ಬಿಡದಿದ್ದರೆ ಅವ್ವನ ಕುಂಕುಮ ಸಮುದ್ರದ ಚರಿತ್ರೆಯಾಗಿ ಅಚ್ಚಾಗುತ್ತದೆ. ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತದೆ ಎಂದಿತು ಮನಸ್ಸು. ಆ ಮಾನಗೆಟ್ಟ ಮನಸ್ಸಿಗೆ ಅವಳೇ ಬೈದಳು. ಸಂಜೆ ಎಸ್‌ಟಿಡಿ ಬೂತಿಗೆ ಹೋದಳು.

"ಸರ್, ಆ ಸೀಸ ಸಮುದ್ರದ್ದಲ್ಲ ಅನ್ಸುತ್ತೆ. ನಮ್ಮವ್ವನ ಕುಂಕುಮದ್ದು. ಚಾಕು ತೊಳೀದೆ ಹೆರೆದೆ."

ಯಾವ ಚಾಕು, ಯಾವತ್ತು ಹೆರೆದದ್ದು ಎಂದು ಸರ್ ಕೇಳಿಕೊಂಡರು.

"ಆ ಕುಂಕುಮ ತಗೊಂಡು ಹೊರಟು ಬಾ," ಎಂದರು ಸರ್.

ಮಾರನೆಯ ಬೆಳಿಗ್ಗೆ ಕುಂಕುಮ ಕೇಳಿದರೆ ಭಾಗ್ಯಮ್ಮ ಮುಖ ಸಿಂಡರಿಸಿದಳು. ಕುಂಕುಮಕ್ಕೂ ಪರೀಕ್ಷೆಯೇ, ಓದಿ ಓದಿ ಇವಳ ತಲೆ ಕೆಟ್ಟಿದೆ ಎಂದಳು. ಮಗಳು ಬೇಡ ಬೇಡ ಎನ್ನುತ್ತಿದ್ದರೂ, ಬೇಕೆಂದೇ ಭರಣಿಗೆ ಬೆರಳದ್ದಿ ಧರ್ಮೇಂದ್ರನ ಮಗಳು, ನಾಲ್ಕು ವರ್ಷದ ಪುಟ್ಟಿಯ ಹಣೆಗೂ ಇಟ್ಟಳು. ಪ್ರಮೀಳಾ ಒಂದು ಚಿಟಿಕೆ ಕಾಗದದಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದಳು.

ಕೇಂದ್ರದಲ್ಲಿ, ಎತ್ತಿಟ್ಟಿದ್ದ ಇನ್ನರ್ಧ ಕೊಳವೆಯನ್ನು ತೊಳೆದ ಚಾಕುವಿನಿಂದ ಹೆರೆದು ಯಂತ್ರಕ್ಕೆ ಕೊಟ್ಟಳು. ಸೀಸದ ಗೆರೆ ನೆಲಕ್ಕಂಟಿ ಮಲಗಿತ್ತು. ಯಂತ್ರದಲ್ಲಿ ಕುಂಕುಮದ ಚಿಟಿಕೆ ಇಟ್ಟಾಗ ಅದೇ ಗೆರೆ ಹಾಳೆ ಸಾಲದಷ್ಟು ಎತ್ತರಕ್ಕೆ ಹಾರಿತು. ಸರ್ ಬರಹವನ್ನು ಡ್ರಾಯರಿಗೆ ಹಾಕಿದರು. ಬೈಯಲಿಲ್ಲ, ಆದರೆ ಕಾಯಂ ಮಾತನ್ನು ಮತ್ತೆ ಎತ್ತಲೂ ಇಲ್ಲ. ಕೆಲಸ ಕೈತಪ್ಪಿತೆಂದು ಅವಳಿಗೆ ಸಂಕಟವೂ ಆಯಿತು, ಮನಸ್ಸು ಹಗುರವೂ ಆಯಿತು.

ಸಂಕ್ರಾಂತಿಗೆ ಆ ಎರಡು ಹಾಳೆಗಳನ್ನು ತಂದು ಅವ್ವನ ಮುಂದೆ ಹರಡಿದಳು. ಮಲಗಿದ್ದು ಸಮುದ್ರದ್ದು, ಎದ್ದು ನಿಂತದ್ದು ನಿನ್ನ ಭರಣಿಯದು ಎಂದಳು. ಭಾಗ್ಯಮ್ಮನಿಗೆ ಓದು ಬಾರದು. ಆ ಗೆರೆ ಓದಲು ಅಕ್ಷರ ಬೇಕಿರಲಿಲ್ಲ. ತನ್ನ ಹಣೆ ಮುಟ್ಟಿಕೊಂಡಳು. ಆಮೇಲೆ ಎಳ್ಳುಬೆಲ್ಲ ತಿನ್ನುತ್ತಿದ್ದ ಪುಟ್ಟಿಯನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡು, ಸೆರಗಿನಿಂದ ಅವಳ ಹಣೆ ಉಜ್ಜತೊಡಗಿದಳು.

"ದಿನಾ ನಾನೇ ಇಡ್ತಿದ್ನಲ್ಲವ್ವಾ ಇವಳ್ಗೆ," ಎಂದಳು ಮಗಳಿಗೆ.

ಕುಂಕುಮ ಆಗಲೇ ಹೋಗಿತ್ತು. ಭಾಗ್ಯಮ್ಮ ಉಜ್ಜುತ್ತಲೇ ಇದ್ದಳು.