ಸೋರುವ ಕಟ್ಟದ ಜತ್ತಪ್ಪ

ವಿಟ್ಲದ ಆಚೆ ಹರಿಯುವ ಒಂದು ತೋಡಿಗೆ ಪ್ರತಿ ಡಿಸೆಂಬರಿನಲ್ಲಿ ಹದಿನಾಲ್ಕು ಮನೆಯವರು ಸೇರಿ ನೀರು ನಿಲ್ಲಿಸಲು ಕಲ್ಲು, ಮಣ್ಣು, ಸೊಪ್ಪಿನಿಂದ ಕಟ್ಟ ಹಾಕುತ್ತಾರೆ. ಮಳೆಗೆ ಅದು ಕೊಚ್ಚಿ ಹೋಗುತ್ತದೆ, ಮರುವರ್ಷ ಮತ್ತೆ ಕಟ್ಟಬೇಕು. ಮೊದಲ ಕಲ್ಲು ಎಲ್ಲಿ ಕೂರಬೇಕೆಂದು ನಲವತ್ತು ವರ್ಷ ಹೇಳಿದವನು ಜತ್ತಪ್ಪ.

ಒಳ್ಳೆಯ ಕಟ್ಟ ಸೋರಬೇಕು ಎನ್ನುವುದು ಅವನ ಪಾಠ. ಅರ್ಧ ಮೈಲಿ ಕೆಳಗೆ ಅಬ್ದುಲ್ ಶುಕೂರನ ಕಡೆಯವರ ಕಟ್ಟವಿದೆ. ಮೇಲಿಂದ ಸೋರಿದ್ದೇ ಅವರ ಪಾಲಿನ ನೀರು. ಕಟ್ಟ ಮುಗಿದ ದಿನ ಜತ್ತಪ್ಪ ತೋಡಿನಲ್ಲೇ ಇಳಿದು ಹೋಗಿ ಅಲ್ಲಿ ಕಾಲು ತೊಳೆದು ಬರುತ್ತಿದ್ದ. ಪಾದ ಮುಳುಗಿದರೆ ಎಲ್ಲರಿಗೂ ಊಟ. ಮುಳುಗದಿದ್ದರೆ ಹಸಿದ ಹೊಟ್ಟೆಯಲ್ಲೇ ಸೊಪ್ಪು ಸಡಿಲಿಸಬೇಕು.

ಬೋರ್‌ವೆಲ್ ಬಂದ ಮೇಲೆ ಐದು ವರ್ಷ ಮೇಲಿನವರು ಕಟ್ಟವನ್ನೇ ಬಿಟ್ಟರು. ಬೋರ್ ಬತ್ತಿದಾಗ ನೆನಪಾಯಿತು. ಅದೇ ಹೊತ್ತಿಗೆ ಕಟ್ಟಗಳನ್ನು ದಾಖಲಿಸುತ್ತಿದ್ದ ಮಿಜಾರಿನ ಅಧ್ಯಾಪಕಿ ಶರಣ್ಯಾ ಬಂದರು. ಕಳೆದ ವರ್ಷ ಮತ್ತೆ ಕಟ್ಟದ ಕೆಲಸ ಶುರುವಾಯಿತು. ದೊಡ್ಡ ತೋಟದ ಶ್ರೇಯಾಂಸಕುಮಾರರು ದಪ್ಪ ಪ್ಲಾಸ್ಟಿಕ್ ಹಾಳೆ ತರಿಸಿದರು.

"ಇದು ಬೇಡ ಧನಿ. ಕಟ್ಟ ಸ್ವಲ್ಪ ಸೋರ್ಬೇಕು."

"ನೀನೇ ಸೋರ್ಲಿಕ್ಕೆ ಶುರು ಮಾಡಿದ್ದಿ ಮಾರಾಯ. ಕೂತ್ಕೋ."

ಎಲ್ಲರೂ ನಕ್ಕರು. ಆ ಮಳೆಗಾಲದಿಂದ ಜತ್ತಪ್ಪನಿಗೆ ಉಸಿರು ಸಾಲುತ್ತಿರಲಿಲ್ಲ. ಅವನು ಕೂತ. ಹಾಳೆ ಹೊದಿಸಿ ಕಟ್ಟ ಮುಗಿಸಿದರು. ಎಲೆ ಹಾಕಿದರು, ಉಂಡ. ಕಾಲು ತೊಳೆಯದೆ ಉಂಡದ್ದು ಅದೇ ಮೊದಲು.

ನಾಲ್ಕನೆಯ ದಿನ ಶುಕೂರ್ ಅವನ ಅಂಗಳಕ್ಕೆ ಬಂದ.

"ಜತ್ತಪ್ಪಣ್ಣ, ಈ ಸಲ ನಿಮ್ಮ ಕಾಲಿಗೆ ಕೆಸರೇ ಆಗ್ಲಿಲ್ವಾ?"

ಜತ್ತಪ್ಪ ಕಾಲು ಹಿಂದಕ್ಕೆ ಎಳೆದುಕೊಂಡ.

"ಮೀನು ಹಿಡಿಯುವ ಮಕ್ಕಳು ಈಗ ನಮ್ಮ ತೋಡಲ್ಲೇ ಕ್ರಿಕೆಟ್ ಆಡ್ತಾರೆ. ಪಿಚ್ ಒಳ್ಳೆದುಂಟು."

ಜತ್ತಪ್ಪ ಕತ್ತಿ ಹಿಡಿದು ಎದ್ದು ಕಟ್ಟದ ಕಡೆ ನಡೆದ. ಮರುದಿನ ಶರಣ್ಯಾ ಕರೆದಿದ್ದ ಅತಿಥಿಗಳು ಮಂಗಳೂರಿನಿಂದ ಬಂದು, ಇದು ಪಾರಂಪರಿಕ ಕಟ್ಟವೆಂದು ಫಲಕ ನೆಡುವವರಿದ್ದರು. ಶ್ರೇಯಾಂಸಕುಮಾರರು ದಂಡೆಯಲ್ಲೇ ನಿಂತಿದ್ದರು.

"ನಾಳೆ ಒಂದು ದಿನ ಹೋಗ್ಲಿ. ತುಂಬಿದ ಕಟ್ಟ ತೋರಿಸುವ. ಆಮೇಲೆ ನೀನೇ ತೆಗಿ."

"ನಾಲ್ಕು ದಿನದ ಹಿಂದೆ ಉಂಡದ್ದು ಇನ್ನೂ ಅರಗ್ಲಿಲ್ಲ ಧನಿ," ಎಂದ ಜತ್ತಪ್ಪ.

ಎದೆಮಟ್ಟದ ನೀರಿಗಿಳಿದು ಹಾಳೆಯನ್ನು ಮೂರು ಕಡೆ ಸೀಳಿ, ಸೀಳಿಗೆ ಸೊಪ್ಪು ತುರುಕಿದ. ನೀರು ಒಂದು ಗೇಣು ಇಳಿಯಿತು. ಆಮೇಲೆ ಶುಕೂರನ ಹೆಗಲು ಹಿಡಿದು ಕೆಳಗೆ ನಡೆದ. ದಾರಿಯಲ್ಲಿ ಮೂರು ಸಲ ಬಂಡೆಯ ಮೇಲೆ ಕೂತ. ತಲುಪುವಾಗ ಸಂಜೆಯಾಗಿತ್ತು. ಪಾದ ಮುಳುಗಿತು.

ಅತಿಥಿಗಳು ತೆಗೆಸಿಕೊಂಡ ಫೋಟೋದಲ್ಲಿ ದಂಡೆಯ ಮೇಲೆ, ನೀರಿನಿಂದ ಒಂದು ಗೇಣು ಎತ್ತರಕ್ಕೆ, ಒದ್ದೆ ಮಣ್ಣು ಕಾಣುತ್ತದೆ. ಜತ್ತಪ್ಪ ಅದರಲ್ಲಿಲ್ಲ, ಜ್ವರ ಬಂದು ಮಲಗಿದ್ದ. ಫೆಬ್ರವರಿಯಲ್ಲಿ ತೀರಿಕೊಂಡ. ಆಗಲೂ ನೀರಿತ್ತು, ಮೇಲಿನ ಕಟ್ಟದಲ್ಲೂ ಕೆಳಗಿನದರಲ್ಲೂ.

ಈ ಡಿಸೆಂಬರಿನಲ್ಲಿ ಹಾಳೆ ತರಲು ಯಾರೂ ಹೋಗಲಿಲ್ಲ. ಮೊದಲ ಕಲ್ಲು ಎಲ್ಲಿ ಎಂಬುದಕ್ಕೆ ಅರ್ಧ ದಿನ ಜಗಳವಾಯಿತು. ಕಟ್ಟ ಮುಗಿದು ಎಲೆ ಹಾಕಿದ ಮೇಲೂ ಯಾರೂ ಕೂರಲಿಲ್ಲ. ಶ್ರೇಯಾಂಸಕುಮಾರರು ದಂಡೆಯಲ್ಲಿ ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ ತೋಡಿಗೆ ಇಳಿದರು. ಎಪ್ಪತ್ತು ದಾಟಿದವರು, ಕೆಳಗಿನ ಕಟ್ಟಕ್ಕೆ ಹೋಗಿ ಬರಲು ಬಹಳ ಹೊತ್ತು ಹಿಡಿಯಿತು. ಅನ್ನ ಆರಿತು.

ಬಂದವರು ಕಾಲು ಒರೆಸಿಕೊಳ್ಳಲಿಲ್ಲ.

"ಬಡಿಸಿ," ಎಂದರು.