ಒಂಬತ್ತು ಅರ್ಜಿ, ಒಂದೇ ಕೈಬರಹ

ಸೀಟಿ ಟೀಚರಿಗೆ ಬೇಕಾಗಿದ್ದದ್ದು ಸೇಡು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಆಮೇಲೆ ಆಕೆಯ ಬಗ್ಗೆ ಹೊಗಳಿಕೆಯ ಮಾತುಗಳು ಬೇಕಾದಷ್ಟು ಹುಟ್ಟಿಕೊಂಡವು. ಹೆಂಗಸರಿಗೆ ಅಕ್ಷರ ಕಲಿಸಿದ ಮಹಾತಾಯಿ ಅಂದರು, ಚೆಂಡಾಟ ಆಡಿಸಿ ಧೈರ್ಯ ತುಂಬಿದವಳು ಅಂದರು. ಫೋಟೋ ತೆಗೆಯಲು ಬಂದವರ ಮುಂದೆ ಆಕೆ ಹೂಂಗುಟ್ಟಿಕೊಂಡು ನಿಂತಳು. ಧೈರ್ಯವೂ ಇಲ್ಲ, ಮಣ್ಣೂ ಇಲ್ಲ. ಶಾಲೆಯ ಗುಮಾಸ್ತನನ್ನು ಅವನ ಕುರ್ಚಿಯಿಂದ ಎಳೆದು ಹಾಕಬೇಕಿತ್ತು, ಅದಕ್ಕೆ ಓದುಬರಹ ಬಲ್ಲ ಒಂಬತ್ತು ಹೆಂಗಸರು ಬೇಕಾಗಿದ್ದರು. ಸಿದ್ಧವಾಗಿ ಎಲ್ಲೂ ಸಿಗಲಿಲ್ಲ, ತಾನೇ ತಯಾರು ಮಾಡಿಕೊಂಡಳು.

ಯುದ್ಧದ ಮೂರನೇ ವರ್ಷ ಬಂದೂಕಿನವರು ಶಾಲೆಯ ಕಚೇರಿಗೆ ಬಂದರು. ಕೊನೆಯ ತರಗತಿಯ ಹುಡುಗರನ್ನು ತಮ್ಮ ಜೊತೆ ಕಳಿಸಿ ಎಂದು ಮೊದಲೇ ಹೇಳಿಕಳಿಸಿದ್ದರು, ಒಂಬತ್ತು ಮಂದಿ ಹೋಗಿರಲಿಲ್ಲ. ಗುಮಾಸ್ತ ಹಾಜರಿ ಪುಸ್ತಕ ತೆಗೆದುಕೊಟ್ಟ. ಬಂದೂಕು ಎದೆಗಿಟ್ಟರೆ ಯಾರಾದರೂ ಕೊಡುತ್ತಾರೆ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಅವನು ಅವರಿಗೆ ಕುರ್ಚಿ ಹಾಕಿಸಿದ, ಟೀ ತರಿಸಿದ, ಕೆಂಪು ಪೆನ್ಸಿಲ್ ಚೂಪು ಮಾಡಿಕೊಂಡು ಆ ಒಂಬತ್ತು ಹೆಸರುಗಳ ಪಕ್ಕದ ವಿಳಾಸಕ್ಕೆ ಒಂದೊಂದಾಗಿ ಗುರುತು ಹಾಕಿಕೊಟ್ಟ. ಹುಡುಕಲು ತೊಂದರೆಯಾಗಬಾರದಲ್ಲ! ಮಧ್ಯಾಹ್ನದ ಹೊತ್ತಿಗೆ ಒಂಬತ್ತು ವಿಳಾಸಗಳಿಂದಲೂ ಹುಡುಗರನ್ನು ಎಳೆದೊಯ್ದಾಗಿತ್ತು. ಒಬ್ಬನೂ ವಾಪಸು ಬರಲಿಲ್ಲ. ಅವರಲ್ಲೊಬ್ಬ ಸೀಟಿ ಟೀಚರ ತಮ್ಮ, ಮನೆಯಲ್ಲಿ ಕರೆಯುತ್ತಿದ್ದದ್ದು ಪುಟ್ಟ ಎಂದು, ವಯಸ್ಸು ಹದಿನೇಳು.

ಆಮೇಲೆ ಶಾಂತಿ ಬಂತು. ದೊಡ್ಡವರು ದೊಡ್ಡವರ ಕೈ ಕುಲುಕಿದರು, ಗುಮಾಸ್ತ ಹೆಡ್ ಗುಮಾಸ್ತನಾದ. ಊರಲ್ಲಿರಲು ಬೇಕಾದ ವಾಸದ ಚೀಟಿಗೆ ಸಹಿ ಹಾಕುವವನೂ ಅವನೇ ಆಗಿದ್ದರಿಂದ ಬದುಕುಳಿದ ಗಂಡಸರು ಅವನನ್ನು ಕಂಡರೆ ನಮಸ್ಕಾರ ಹೊಡೆಯುತ್ತಿದ್ದರು. ಡ್ರಿಲ್ ಟೀಚರಾಗಿದ್ದ ಆಕೆ ಮಾತ್ರ ಕೊರಳಲ್ಲಿ ಸೀಟಿ ನೇತುಹಾಕಿಕೊಂಡು ದಿನಾ ಬೆಳಿಗ್ಗೆ ಅವನ ಕಿಟಕಿಯ ಮುಂದೆ ಹಾದುಹೋಗುವಾಗ ಹಲ್ಲು ಕಡಿಯುತ್ತಿದ್ದಳು.

ಕಾಣೆಯಾದವರ ವಿಚಾರಣೆಗೆಂದು ಒಂದು ಕಚೇರಿ ತೆರೆದದ್ದೇ ತಡ, ಸೀಟಿ ಟೀಚರು ಎಂಟು ತಾಯಂದಿರ ಮನೆಗೂ ಹೋಗಿ, ಅವರು ಹೇಳಿದ್ದನ್ನು ತಾನೇ ಬರೆದು, ಹೆಬ್ಬೆಟ್ಟು ಒತ್ತಿಸಿಕೊಂಡು, ತನ್ನ ತಾಯಿಯದೂ ಸೇರಿಸಿ ಒಂಬತ್ತು ಅರ್ಜಿ ಕೊಟ್ಟಳು. ಬಂದೂಕಿನವರ ಬಿಡಾರದಲ್ಲಿ ಸಿಕ್ಕ ಹಾಜರಿ ಪುಸ್ತಕ ಆ ಕಚೇರಿಯಲ್ಲೇ ಭದ್ರವಾಗಿತ್ತು. ಇನ್ನೇನು ಬೇಕು ಎಂದುಕೊಂಡಳು. ಹದಿನೈದು ದಿನಕ್ಕೆ ಒಂಬತ್ತೂ ವಾಪಸು ಬಂದವು. ಮೇಲೆ ಒಂದೇ ಷರಾ: ಎಲ್ಲ ಅರ್ಜಿಗಳೂ ಒಂದೇ ಕೈಬರಹದಲ್ಲಿವೆ, ಇದು ಒಬ್ಬರ ವೈಯಕ್ತಿಕ ದ್ವೇಷದಂತೆ ಕಾಣುತ್ತದೆ. ತಾಯಿ ಅಥವಾ ತಂದೆ ಸ್ವಂತ ಕೈಯಲ್ಲಿ ಬರೆಯಬೇಕು, ಹಾಜರಿ ಪುಸ್ತಕದಲ್ಲಿ ತಮ್ಮ ಮಗನ ಸಾಲನ್ನು ತಾವೇ ಓದಿ ಗುರುತಿಸಬೇಕು. ಅಕ್ಕತಂಗಿಯರ ಅರ್ಜಿ ನಡೆಯುವುದಿಲ್ಲ. ಗಡುವು ಎರಡು ವರ್ಷ. ಬರೆಯಲು ಬಲ್ಲ ತಂದೆಯರು ವಾಸದ ಚೀಟಿಗೆ ಹೆದರಿ ಹಿಂದೆ ಸರಿದರು.

ಗುಮಾಸ್ತ ಆ ವಾರ ಶಾಲೆಯಲ್ಲಿ ಎಲ್ಲರಿಗೂ ಸಿಹಿ ಹಂಚಿದ. ಆಕೆಯ ಮೇಜಿನ ಮೇಲೂ ಒಂದು ಇಟ್ಟು ಹೋದ.

ಮರುದಿನವೇ ಆಕೆ ಅಕ್ಷರದ ತರಗತಿ ಶುರುಮಾಡಿದಳು. ಬಂದವರು ಸೊನ್ನೆ. ಐವತ್ತರ ಹತ್ತಿರ ಬಂದಿರುವ ಹೆಂಗಸರು ಮಕ್ಕಳ ಬೆಂಚಿನ ಮೇಲೆ ಮಂಡಿ ಮಡಿಚಿ ಕೂತು ಅ ಆ ಇ ಈ ತಿದ್ದುವುದೆಂದರೆ ನಾಚಿಕೆ. "ಟೀಚರಮ್ಮಾ, ಈ ಕೈಗೆ ಇಸ್ತ್ರಿಪೆಟ್ಟಿಗೆ ಬಿಟ್ರೆ ಬೇರೇನೂ ಒಗ್ಗಲ್ಲ" ಎಂದಳು ಬಟ್ಟೆ ಇಸ್ತ್ರಿ ಮಾಡುವಾಕೆ. ಕಂಪೌಂಡರನ ಹೆಂಡತಿ ತಲೆನೋವು ಎಂದಳು. ಬ್ರೆಡ್ಡು ಮಾರುವ ಗುಂಡಕ್ಕ ಬಾಗಿಲನ್ನೇ ತೆರೆಯಲಿಲ್ಲ.

ಶಾಂತಿಯ ಹಿಂದೆಯೇ ಊರಿಗೆ ಪೆಟ್ಟಿಗೆಗಟ್ಟಲೆ ದಾನದ ಸಾಮಾನು ಬಂದಿತ್ತು. ಶಾಲೆಯ ಪಾಲಿಗೆ ಒಂದು ವಾಲಿಬಾಲ್ ನೆಟ್ಟು, ಆರು ಚೆಂಡು. ಗಾಳಿ ತುಂಬುವ ಪಂಪು ಕಳಿಸಲು ಪುಣ್ಯಾತ್ಮರಿಗೆ ನೆನಪಾಗಿರಲಿಲ್ಲ. ಸೈಕಲ್ ಅಂಗಡಿಗೆ ಹೊತ್ತೊಯ್ದು ಗಾಳಿ ತುಂಬಿಸಿಕೊಂಡು ಬಂದ ಆಕೆ ಸಂಜೆ ಐದಕ್ಕೆ ಮೈದಾನದಲ್ಲಿ ನೆಟ್ಟು ಕಟ್ಟಿದಳು. ಎದುರಿನ ಗೋಡೆಗೆ ಕೆಂಪು ಬಣ್ಣದಲ್ಲಿ ತಲೆಯಷ್ಟು ದೊಡ್ಡ ಒಂದು ಸುತ್ತು ಬರೆದಳು. ಆ ಗೋಡೆಯ ಪಕ್ಕದಲ್ಲೇ ಗುಮಾಸ್ತನ ಕಿಟಕಿ.

"ಓದೋದು ಬೇಡ ಬಿಡಿ" ಎಂದಳು ಹೆಂಗಸರಿಗೆ. "ಬಂದು ಆ ಸುತ್ತಿಗೆ ಗುರಿಯಿಟ್ಟು ನಾಲ್ಕು ಏಟು ಹೊಡೀರಿ ಸಾಕು."

"ಅದೇನು ಸುತ್ತು?"

"ಏನಂತ ಅಂದ್ಕೊಂಡ್ರೆ ಕೈಗೆ ಬಲ ಬರತ್ತೋ ಅದು."

ಇಸ್ತ್ರಿಯಾಕೆ ಮೊದಲು ಬಂದಳು. ಹತ್ತು ಸಲ ಹೊಡೆದಳು, ಹತ್ತೂ ಎಲ್ಲೆಲ್ಲಿಗೋ ಹೋದವು. ಹನ್ನೊಂದನೆಯದು ಸುತ್ತಿನ ಮಧ್ಯಕ್ಕೆ ಬಡಿಯಿತು. ಆ ಸದ್ದಿಗೆ ಕಿಟಕಿಯಲ್ಲಿ ಗುಮಾಸ್ತನ ಮುಖ ಕಂಡದ್ದೇ, ಹೆಂಗಸು ಏಳು ವರ್ಷದಿಂದ ಕಟ್ಟಿಕೊಂಡಿದ್ದದ್ದನ್ನೆಲ್ಲ ಬಿಟ್ಟು ಮೈದಾನದ ಮಧ್ಯೆ ಕೂತು ಹೋ ಎಂದು ಅತ್ತಳು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, "ಇನ್ನೊಂದು ಚೆಂಡು ಕೊಡಿ" ಎಂದಳು. ವಾರದೊಳಗೆ ಎಂಟೂ ಜನ ಬಂದರು. ಆಗ ಸೀಟಿ ಟೀಚರು ಹೊಸ ನಿಯಮ ತಂದಳು: ಸ್ಲೇಟಿನಲ್ಲಿ ಒಂದು ಸಾಲು ಬರೆದು ತೋರಿಸಿದರೆ ಒಂದು ಸರ್ವೀಸು. ಬರೆಯದಿದ್ದವರಿಗೆ ಚೆಂಡಿಲ್ಲ. ಬೈದುಕೊಂಡೇ ಬರೆದರು. ಗುಂಡಕ್ಕನಂತೂ ಚೆಂಡಿನ ಆಸೆಗೆ ಹತ್ತು ತಿಂಗಳಲ್ಲಿ ಎರಡು ನೋಟ್‌ಬುಕ್ ಮುಗಿಸಿದಳು. ನೆಟ್ಟಿನಾಚೆಯಿಂದ ಬರುವ ಚೆಂಡಿಗೆ "ನಂದು!" ಎಂದು ಕೂಗಲು ಕಲಿತವರು ಬೀದಿಯಲ್ಲೂ ದನಿ ಏರಿಸತೊಡಗಿದರು. ವಾಸದ ಚೀಟಿಗೆ ಸಹಿ ಮಾಡಲು ಗುಮಾಸ್ತ ಸತಾಯಿಸಿದಾಗ ಕಂಪೌಂಡರನ ಹೆಂಡತಿ ಅವನ ಮೇಜು ಗುದ್ದಿ, ಅಲ್ಲೇ ನಿಂತು, ಸಹಿ ಹಾಕಿಸಿಕೊಂಡು ಬಂದಳು.

ಒಂಬತ್ತನೆಯವಳು ಮಾತ್ರ ಇರಲಿಲ್ಲ. ಸೀಟಿ ಟೀಚರು ತನ್ನ ಸ್ವಂತ ತಾಯಿಗೆ ಅಕ್ಷರ ಕಲಿಸಿರಲಿಲ್ಲ. ಕಣ್ಣು ಮಂಜು ಎಂದಳು, ವಯಸ್ಸಾಯಿತು ಎಂದಳು. ನಿಜ ಅದಲ್ಲ.

ಪ್ರತಿ ತಿಂಗಳ ಕೊನೆಗೆ ಹಾಜರಿ ಪುಸ್ತಕದಲ್ಲಿ ಮಕ್ಕಳ ವಿಳಾಸ ಸರಿಪಡಿಸುವುದು ಆ ಶಾಲೆಯ ಪದ್ಧತಿ. ಕೊನೆಯ ತರಗತಿಯ ಮೇಷ್ಟ್ರು ಊರು ಬಿಟ್ಟು ಓಡಿದ್ದರಿಂದ ಬಂದೂಕಿನವರು ಬರುವ ಮುಂಚಿನ ತಿಂಗಳು ಪುಸ್ತಕ ಆಕೆಯ ಕೈಗೆ ಬಂದಿತ್ತು. ಅದಕ್ಕೆ ಹತ್ತು ದಿನ ಮುಂಚೆ ತಾಯಿ ಮಗನನ್ನು ಕರೆದುಕೊಂಡು ಎರಡು ಬೀದಿ ಆಚೆ, ದರ್ಜಿ ಅಂಗಡಿಯ ಹಿಂದಿನ ಕೋಣೆಗೆ ಹೋಗಿ ಅಡಗಿದ್ದಳು. "ಯಾರ ಹತ್ರಾನೂ ಬಾಯಿ ಬಿಡ್ಬೇಡ" ಎಂದಿದ್ದಳು. ಮಗಳು ಬಾಯಿ ಬಿಡಲಿಲ್ಲ. ಸ್ಕೇಲು ಇಟ್ಟು ಹಳೆಯ ವಿಳಾಸಕ್ಕೆ ಗೆರೆ ಎಳೆದು, ಮೇಲೆ ಹೊಸದನ್ನು ಗುಂಡಗೆ ಬರೆದಳು. ಯಾರೂ ಕೇಳಿರಲಿಲ್ಲ, ಯಾರೂ ಹೆದರಿಸಿರಲಿಲ್ಲ. ಅಚ್ಚುಕಟ್ಟಿನ ಚಾಳಿ, ಅಷ್ಟೇ. ಉಳಿದ ಎಂಟು ಹುಡುಗರು ತಮ್ಮ ತಮ್ಮ ಮನೆಗಳಲ್ಲೇ ಇದ್ದರು. ಅಡಗಿದ್ದವನು ಪುಟ್ಟ ಒಬ್ಬನೇ. ಅವನು ಸಿಕ್ಕಿದ್ದು ಅವನ ಅಕ್ಕನ ಅಕ್ಷರದಿಂದ.

ತಾಯಿಗೆ ಇದು ಗೊತ್ತಿರಲಿಲ್ಲ. ಓದಲು ಬಂದರೆ ಗೊತ್ತಾಗುತ್ತದೆ. ಎಂಟು ಅರ್ಜಿಯಿಂದಲೂ ಗುಮಾಸ್ತ ಉರುಳುತ್ತಾನೆ, ಒಂಬತ್ತನೆಯದು ಯಾಕೆ ಎಂದು ಆಕೆ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಳು. ಆದರೆ ಹಾಗಾದರೆ ಪುಟ್ಟನ ಹೆಸರು ತೀರ್ಪಿನಲ್ಲಿ ಬರುವುದಿಲ್ಲ. ತಮ್ಮನಿಗಾಗಿ ಹುಟ್ಟಿದ ಸೇಡಿನಲ್ಲಿ ತಮ್ಮನೇ ಇಲ್ಲವೆಂದರೆ ಅದೆಂಥ ಸೇಡು?

ಗಡುವಿಗೆ ಆರು ತಿಂಗಳಿದ್ದಾಗ ತಾಯಿಯೇ ಬಂದು ಮೈದಾನದ ಮೆಟ್ಟಿಲ ಮೇಲೆ ಕೂತಳು. "ಊರವರಿಗೆಲ್ಲ ಕಲಿಸ್ತೀಯ. ನಾನೇನು ಮಾಡಿದ್ದೆ ನಿನಗೆ?"

ಇಸ್ತ್ರಿಯಾಕೆ ಓಡಿಬಂದು ಕೈಗೆ ಸ್ಲೇಟು ಕೊಟ್ಟಳು. ಇನ್ನು ಬೇಡವೆನ್ನುವಂತಿರಲಿಲ್ಲ.

ಎರಡೇ ದಿನದಲ್ಲಿ ಗುಮಾಸ್ತ ಹೇಳಿಕಳಿಸಿದ. ಬೀಗದ ಕೈ ಗೊಂಚಲು, ಮುದ್ರೆಗಳು, ಚೂಪು ಮಾಡಿಟ್ಟ ಪೆನ್ಸಿಲ್ಲುಗಳು ಸಾಲಾಗಿದ್ದ ಮೇಜಿನ ಹಿಂದೆ ಅವನು ಬೆಣ್ಣೆಯಂಥ ಮಾತಾಡಿದ.

"ಕೂತ್ಕೊಳ್ಳಿ ಟೀಚರೇ. ತಾಯಿನೂ ಸೇರ್ಕೊಂಡ್ರಂತೆ, ಸಂತೋಷ. ಆದ್ರೆ ಅವರು ಓದೋ ಸಾಲು ಯಾವುದು ಅಂತ ಯೋಚನೆ ಮಾಡಿದ್ರಾ? ಆ ವಿಳಾಸ ಯಾರ ಅಕ್ಷರ?"

"ಪಕ್ಕದಲ್ಲಿ ನಿಮ್ಮ ಕೆಂಪು ಗುರುತು ಇದೆ."

"ಇದೆ, ಇಲ್ಲ ಅಂದೋರ್ಯಾರು? ನಾನು ಹೋದ್ರೆ ಒಂದು ಕೆಲಸ ಹೋಗತ್ತೆ. ನಿಮಗೆ ಹೋಗೋದು ತಾಯಿ. ಇಬ್ಬರೂ ಸುಮ್ಮನಿರೋಣ."

 ಎಂಟು ವರ್ಷಕ್ಕೂ ಮೇಲೆ ಈ ಮನುಷ್ಯ ಆಕೆಯ ಗುಟ್ಟನ್ನು ಜೇಬಿನಲ್ಲಿಟ್ಟುಕೊಂಡು ಆಕೆಯೆದುರು ನಗುತ್ತಿದ್ದ! ಪಾಲುದಾರಳಂತೆ ಆಕೆಯನ್ನೂ ತನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡಿದ್ದ.

"ಓದ್ಲಿ" ಎಂದಳು ಎದ್ದು ನಿಂತು. "ನಂದನ್ನೂ ಓದ್ಲಿ. ನಾನು ಹಾಳಾದ್ರೂ ಸರಿ, ನಿಮ್ಮನ್ನ ಮಾತ್ರ ಬಿಡಲ್ಲ."

ಹೇಳುವಷ್ಟು ಸುಲಭವಾಗಿರಲಿಲ್ಲ. ತಾಯಿಗೆ ತಿದ್ದಲು ಬರೆದುಕೊಡುವಾಗ ಮೂರು ದಿನ ಆಕೆ ತನ್ನ ಅಕ್ಷರವನ್ನೇ ಬದಲಾಯಿಸಿ, ಅಚ್ಚಿನಂತೆ ನೆಟ್ಟಗೆ ಬರೆದಳು. ತಾಯಿ ರೇಗಿದಳು. "ಇದೇನೇ, ಅಂಗಡಿ ಬೋರ್ಡಿನ ಹಾಗೆ? ನೀನು ಚಿಕ್ಕೋಳಿದ್ದಾಗಿಂದ ಬರೀತಿದ್ದೆಯಲ್ಲ ಗುಂಡಗೆ, ಹಾಗೆ ಬರಿ. ಓದೋಕೆ ಬರದೇ ಇದ್ರೂ ನೋಡೋಕೆ ನನಗೆ ಚೆನ್ನಾಗಿತ್ತು." ನಾಲ್ಕನೆಯ ದಿನ ಆಕೆ ಗುಂಡಗೆ ಬರೆದುಕೊಟ್ಟಳು. ತಾಯಿ ಅದರ ಮೇಲೆಯೇ ತಿದ್ದಿ ತಿದ್ದಿ, ಆರು ತಿಂಗಳಲ್ಲಿ ತಾಯಿಯ ಅಕ್ಷರ ಮಗಳದರ ತಂಗಿಯಂತಾಯಿತು. ಹೇಳಿಬಿಡಬೇಕೆಂದು ಆಕೆ ದಿನಾ ಬಾಯಿ ತೆರೆಯುತ್ತಿದ್ದಳು, ದಿನಾ ಮುಚ್ಚುತ್ತಿದ್ದಳು. ಗುಮಾಸ್ತನಿಗೆ ಹೆದರದವಳು ಅಮ್ಮನಿಗೆ ಹೆದರಿದಳು.

ವಿಚಾರಣೆಯ ದಿನ ಅಧಿಕಾರಿ ಒಂಬತ್ತೂ ಮಂದಿಯನ್ನು ಒಂದೇ ಕೋಣೆಯಲ್ಲಿ ಕೂರಿಸಿ ತನ್ನೆದುರಲ್ಲೇ ಅರ್ಜಿ ಬರೆಸಿದ. ಒಂಬತ್ತು ಬಗೆಯ ವಕ್ರ ಅಕ್ಷರಗಳು ಅವನ ಮೇಜಿಗೆ ಬಂದವು. ಆಮೇಲೆ ಹಾಜರಿ ಪುಸ್ತಕ ತೆರೆದ. ಗುಮಾಸ್ತ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಎದುರು ಕುರ್ಚಿಯಲ್ಲಿದ್ದ. ಆ ಅಂಗಿಗೆ ಇಸ್ತ್ರಿ ಹಾಕಿದವಳೇ ಮೊದಲು ಎದ್ದಳು. ಮಗನ ಹೆಸರು, ವಿಳಾಸ, ಮೈದಾನದಲ್ಲಿ ಕೂಗುವಂಥ ದನಿಯಲ್ಲಿ ಓದಿದಳು. ಮಗನ ಹಳೆಯ ಅಂಕಪಟ್ಟಿ ಪಕ್ಕದಲ್ಲಿಟ್ಟಳು. ಅದರಲ್ಲೂ ಅದೇ ಕೆಂಪು ಗುರುತು, ಬಾಲಕ್ಕೆ ಸಣ್ಣ ಸೊನ್ನೆ ಸುತ್ತಿದ್ದು, ಕೆಳಗೆ ಗುಮಾಸ್ತನ ಸಹಿ. ಒಬ್ಬೊಬ್ಬರಾಗಿ ಎಂಟೂ ಜನ ಓದಿದರು, ಎಂಟು ಅಂಕಪಟ್ಟಿ ಇಟ್ಟರು. ಗುಮಾಸ್ತನ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಸೀಟಿ ಟೀಚರಿಗೆ ಅದನ್ನು ನೋಡಿ ಆದ ಸುಖವನ್ನು ಮುಚ್ಚಿಡುವುದೇಕೆ, ಹೊಟ್ಟೆ ತಣ್ಣಗಾಯಿತು.

ಕೊನೆಗೆ ತಾಯಿ ಎದ್ದಳು. ಬೆರಳಿಟ್ಟು ಓದಿದಳು. ಶಾಲೆಯಲ್ಲಿ ಬರೆಸಿದ್ದ ಪುಟ್ಟನ ಹೆಸರು ಓದಿದಳು. ಗೆರೆ ಎಳೆದ ಹಳೆಯ ವಿಳಾಸ ಓದಿದಳು. ಬೆರಳು ಮೇಲಕ್ಕೆ ಹೋಗಿ ಹೊಸ ವಿಳಾಸದ ಮೇಲೆ ನಿಂತಿತು. ಆರು ತಿಂಗಳು ತಿದ್ದಿದ್ದ ಆ ಗುಂಡನೆಯ ಅಕ್ಷರಗಳನ್ನು ಬೆರಳು ಒಂದೊಂದಾಗಿ ಮುಟ್ಟಿತು.

"ನೋಡಿ ಸಾರ್!" ಗುಮಾಸ್ತ ಕುರ್ಚಿ ಬಿಟ್ಟೆದ್ದ. "ಕೇಳಿ ಅವರನ್ನೇ, ವಿಳಾಸ ಬರೆದೋರು ಯಾರು ಅಂತ! ಮನೆ ಮಗಳೇ ಬರೆದುಕೊಟ್ಟಿದ್ದಕ್ಕೆ ನಾನೇನು ಮಾಡ್ಲಿ?"

ಅಧಿಕಾರಿ ತಾಯಿಯ ಕಡೆ ತಿರುಗಿದ. "ಅಮ್ಮಾ, ಇದು ಯಾರ ಅಕ್ಷರ ಅಂತ ನಿಮಗೆ ಗೊತ್ತಾ?"

ತಾಯಿ ಮಗಳನ್ನು ನೋಡಲಿಲ್ಲ. "ವಿಳಾಸ ನನ್ನ ಮಗಳು ಬರೆದದ್ದು. ಗುರುತು ಅವನು ಹಾಕಿದ್ದು. ಎರಡೂ ಬರ್ಕೊಳ್ಳಿ ಸ್ವಾಮಿ. ಒಂದನ್ನ ತೋರಿಸಿ ಇನ್ನೊಂದನ್ನ ಮುಚ್ಚೋಕೆ ಬಿಡಬೇಡಿ."

ತಾನೂ ಒಂದು ಅಂಕಪಟ್ಟಿ ತೆಗೆದು ಮೇಜಿನ ಮೇಲಿಟ್ಟಳು. ಗುಮಾಸ್ತ ನಿಂತೇ ಇದ್ದ, ಯಾರೂ ಅವನಿಗೆ ಕೂರಲು ಹೇಳಲಿಲ್ಲ. ಸಂಜೆಯೊಳಗೆ ಅವನ ಬೀಗದ ಕೈ ಗೊಂಚಲು ಕಿತ್ತುಕೊಂಡು, ಇಬ್ಬರು ಪೊಲೀಸರ ನಡುವೆ ಜೀಪು ಹತ್ತಿಸಿದರು. ಗುಂಡಕ್ಕ ಜೀಪಿನ ಹಿಂದೆ ಬೀದಿಯ ತುದಿಯವರೆಗೂ ನಡೆದು, ಅವನ ಹೆಸರು ಹಿಡಿದು ಬಾಯಿಗೆ ಬಂದಂತೆ ಬೈದು ಬಂದಳು.

ಕಚೇರಿಯ ಮೆಟ್ಟಿಲ ಮೇಲೆ ಎಂಟು ಹೆಂಗಸರು ತಬ್ಬಿಕೊಂಡು ಅಳುತ್ತಿದ್ದರು, ನಗುತ್ತಿದ್ದರು. ತಾಯಿ ಅವರನ್ನು ದಾಟಿ ರಸ್ತೆಗಿಳಿದಳು. ಮಗಳು ಹಿಂದೆ ಹಿಂದೆ ಹೋದಳು.

"ಯಾಕೆ ಬರೆದೆ?" ಎಂದಳು ತಾಯಿ, ನಿಲ್ಲದೆ.

"ಪುಸ್ತಕದಲ್ಲಿ ತಪ್ಪು ವಿಳಾಸ ಇರಬಾರದು ಅಂತ."

ತಾಯಿ ಬಹಳ ದೂರ ನಡೆದಳು. ಬೀದಿಯ ಅಂಗಡಿಗಳೆಲ್ಲ ತೆರೆದಿದ್ದವು, ಸುದ್ದಿ ಆಗಲೇ ಹಬ್ಬಿ ಜನ ಎದ್ದು ನಿಂತು ಇಬ್ಬರನ್ನೂ ನೋಡುತ್ತಿದ್ದರು.

"ನಾಳೆ ಐದು ಗಂಟೆಗೆ ತರಗತಿಗೆ ಬರ್ತೀನಿ" ಎಂದಳು ತಾಯಿ ಮನೆಯ ಬಾಗಿಲಲ್ಲಿ. "ಇನ್ನೂ ಕಲಿಯೋದಿದೆ ನನಗೆ. ಆದ್ರೆ ಗುಂಡಕ್ಕನ ಹತ್ರ ಕೂತು ಬರೀತೀನಿ. ನಿನ್ನ ಅಕ್ಷರ ನನಗೆ ಬೇಡ."

ಮರುದಿನ ಐದಕ್ಕೆ ಸರಿಯಾಗಿ ಬಂದಳು. ಗುಂಡಕ್ಕನ ನೋಟ್‌ಬುಕ್ಕಿನ ಕಾಗೆಕಾಲಿನಂಥ ಅಕ್ಷರಗಳನ್ನು ಪಕ್ಕದಲ್ಲಿಟ್ಟುಕೊಂಡು, ಸ್ಲೇಟು ಒರೆಸಿ, ಅ ಇಂದ ಮತ್ತೆ ಶುರುಮಾಡಿದಳು.